ಪದವಿ ಮುಗಿಸಿ ಮಳಿಗೆಯ ಕೆಲಸಕ್ಕೆ ಸೇರಬಹುದೇ?

ಈ ಸಂಚಿಕೆಯ ಮೂರೂ ಪ್ರಶ್ನೆಗಳು ಚಿಲ್ಲರೆ ವ್ಯಾಪಾರದ ಉದ್ಯೋಗಕ್ಕೆ ಸಂಬಂಧಿಸಿದವು. ಮೊದಲ ಪತ್ರದಲ್ಲಿರುವ ಸಂದೇಹಗಳು ಇನ್ನೂ ಹಲವು ಓದುಗರವೂ ಆಗಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ಮಾನ್ಯರೇ, ನಾನು ವಾಣಿಜ್ಯ ಪದವಿಯ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಓದಿನ ಖರ್ಚಿಗೆಂದು ಎರಡು ವರ್ಷದಿಂದ ವಾರಾಂತ್ಯಗಳಲ್ಲಿ ಒಂದು ದೊಡ್ಡ ಬಟ್ಟೆ ಮಳಿಗೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಪರೀಕ್ಷೆ ಮುಗಿದ ಮೇಲೆ ಮ್ಯಾನೇಜ್‌ಮೆಂಟ್ ಟ್ರೇನಿಯಾಗಿ ಸೇರಿಕೊಳ್ಳುವಂತೆ ಅಲ್ಲಿನ ಮ್ಯಾನೇಜರ್ ಕೇಳಿದ್ದಾರೆ. ಕೆಲಸ ನನಗೆ ಇಷ್ಟ. ಆದರೆ ‘ಅಂಗಡಿಯಲ್ಲಿ ನಿಲ್ಲುವುದಕ್ಕೆ ಇಷ್ಟು ಓದಬೇಕಿತ್ತೇ’ ಎಂದು ಮನೆಯಲ್ಲಿ ಬೇಸರಪಡುತ್ತಾರೆ. ಗೆಳೆಯರೆಲ್ಲ ಬ್ಯಾಂಕು, ಕಚೇರಿ ಕೆಲಸಗಳಿಗೆ ಅರ್ಜಿ ಹಾಕುತ್ತಿದ್ದಾರೆ. ಜನ ಆನ್‌ಲೈನಿನಲ್ಲೇ ಕೊಳ್ಳುವ ಕಾಲದಲ್ಲಿ ಮಳಿಗೆಗಳು ಎಷ್ಟು ದಿನ ಉಳಿದಾವು ಎಂದೂ ಕೇಳುತ್ತಾರೆ. ಒಮ್ಮೆ ಸೇರಿದರೆ ಎಷ್ಟು ವರ್ಷವಾದರೂ ಅದೇ ಜಾಗದಲ್ಲಿ ಉಳಿದುಬಿಡುವೆನೇನೋ ಎಂಬ ಭಯ ನನಗೂ ಇದೆ. ಹೇಗೆ ನಿರ್ಧರಿಸಲಿ?

ಉತ್ತರ: ‘ಕೆಲಸ ನನಗೆ ಇಷ್ಟ’ ಎಂದಿದ್ದೀರಿ. ಆದರೆ ಆ ಕೆಲಸದಲ್ಲಿ ಯಾವುದು ಇಷ್ಟ ಎಂಬುದನ್ನು ಬರೆದಿಲ್ಲ. ನಿಮ್ಮ ನಿರ್ಧಾರ ಬಹುಮಟ್ಟಿಗೆ ಅದರ ಮೇಲೆಯೇ ನಿಂತಿದೆ. ಗಿರಾಕಿಗಳೊಂದಿಗಿನ ಮಾತುಕತೆ, ಜೊತೆಗೆಲಸದವರ ಒಡನಾಟ, ಕೈಗೆ ಬರುವ ಒಂದಿಷ್ಟು ಹಣ ಇವು ವಾರಾಂತ್ಯದ ಕೆಲಸವನ್ನು ಹಿತವಾಗಿಸಲು ಸಾಕು; ವರ್ಷಗಟ್ಟಲೆ ಅದೇ ವೃತ್ತಿಯಲ್ಲಿ ಮನಸ್ಸು ನಿಲ್ಲಲು ಸಾಲವು. ಚಿಲ್ಲರೆ ವ್ಯಾಪಾರವೆಂಬುದು ಸರಕಿನ ಬಗ್ಗೆ ಮತ್ತು ಜನರ ಬಗ್ಗೆ ದಿನವೂ ತೀರ್ಮಾನ ಮಾಡುವ ಉದ್ಯೋಗ. ಯಾವುದನ್ನು ಎಷ್ಟು ತರಿಸಬೇಕು, ಎಲ್ಲಿ ಇಡಬೇಕು, ಯಾವಾಗ ಬೆಲೆ ಇಳಿಸಬೇಕು, ಯಾವ ಹೊತ್ತಿನಲ್ಲಿ ಎಷ್ಟು ಜನ ಕೌಂಟರಿನಲ್ಲಿರಬೇಕು ಎಂಬ ಪ್ರಶ್ನೆಗಳು ಅಲ್ಲಿ ಮುಗಿಯುವುದೇ ಇಲ್ಲ. ಈ ತೀರ್ಮಾನಗಳು ನಿಮ್ಮನ್ನು ಸೆಳೆಯುತ್ತವೆಯೇ, ಸೇರಿದ ಮೇಲೆ ಅವು ಎಷ್ಟು ಬೇಗ ನಿಮ್ಮ ಕೈಗೆ ಬರುತ್ತವೆ ಎಂಬ ಎರಡು ಸಂಗತಿಗಳನ್ನು ಖಚಿತ ಮಾಡಿಕೊಂಡರೆ ಉಳಿದ ಸಂದೇಹಗಳನ್ನು ಬಿಡಿಸುವುದು ಅಷ್ಟು ಕಷ್ಟವಾಗಲಾರದು.

ನಿಮ್ಮದೇ ವಿಭಾಗದಿಂದ ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಂಗಿಗಳ ರ‍್ಯಾಕ್ ತುಂಬಿರುವಂತೆಯೇ ಕಾಣುತ್ತದೆ, ಆದರೂ ಅದರ ಮಾರಾಟ ವಾರದಿಂದ ವಾರಕ್ಕೆ ಇಳಿಯುತ್ತಿದೆ. ಹತ್ತಿರ ಹೋಗಿ ಹ್ಯಾಂಗರ್‌ಗಳನ್ನು ಒಂದೊಂದಾಗಿ ಸರಿಸಿ ನೋಡಿದರೆ ತೀರ ಚಿಕ್ಕ ಹಾಗೂ ತೀರ ದೊಡ್ಡ ಅಳತೆಗಳು ಮಾತ್ರ ಉಳಿದಿವೆ. ಹೆಚ್ಚು ಜನ ಕೇಳುವ ಮೀಡಿಯಂ ಸೈಜು ಒಂದೂ ಇಲ್ಲ. ಕಂಪ್ಯೂಟರಿನಲ್ಲಿ ನೋಡಿದರೆ ಮೀಡಿಯಂ 3 ಇದೆ ಎಂದು ತೋರಿಸುತ್ತದೆ. ಗೋದಾಮಿನಲ್ಲಿ ಹುಡುಕಿದರೆ ಅಲ್ಲಿಯೂ ಇಲ್ಲ. ಆಗಿದ್ದೇನೆಂದರೆ, ಜನಸಂದಣಿಯ ಒಂದು ಸಂಜೆ ಗಿರಾಕಿಯೊಬ್ಬರು ಒಂದೇ ಬೆಲೆಯ 1 ಲಾರ್ಜ್, 3 ಮೀಡಿಯಂ ಅಂಗಿಗಳನ್ನು ತಂದಾಗ ಬಿಲ್ಲಿಂಗಿನಲ್ಲಿದ್ದವರು ಸಮಯ ಉಳಿಸಲು ಲಾರ್ಜ್ ಅಂಗಿಯ ಬಾರ್‌ಕೋಡನ್ನೇ 4 ಬಾರಿ ಸ್ಕ್ಯಾನ್ ಮಾಡಿದ್ದಾರೆ. ಹಣದ ಲೆಕ್ಕ ಸರಿಯಾಗಿಯೇ ಇದೆ. ಸ್ಟಾಕಿನ ಲೆಕ್ಕ ಮಾತ್ರ ಎರಡು ಕಡೆ ತಪ್ಪಿದೆ. ಮೀಡಿಯಂ ಇನ್ನೂ ಉಳಿದಿದೆ ಎಂದು ನಂಬಿರುವ ಕಂಪ್ಯೂಟರ್ ಹೊಸ ಆರ್ಡರ್ ಕಳಿಸುವುದಿಲ್ಲ. ಮಾರಾಟವಿಲ್ಲದ್ದನ್ನು ಕಂಡ ಮುಖ್ಯ ಕಚೇರಿಯವರು ‘ಈ ಅಂಗಿಗೆ ಬೇಡಿಕೆ ಇಲ್ಲ’ ಎಂದುಕೊಂಡು ಬೆಲೆ ಇಳಿಸಲು ಹೇಳುತ್ತಾರೆ.

ಬೆಲೆ ಇಳಿಸಿದರೆ ಏನಾಗುತ್ತದೆ ಎಂಬ ಲೆಕ್ಕವನ್ನೂ ಮಾಡಿ ನೋಡಿ. 60ಕ್ಕೆ ಕೊಂಡದ್ದನ್ನು 100ಕ್ಕೆ ಮಾರುವಾಗ ಒಂದಕ್ಕೆ 40 ಉಳಿಯುತ್ತದೆ. ಶೇಕಡಾ 25 ರಿಯಾಯಿತಿ ಕೊಟ್ಟೊಡನೆ ಮಾರಾಟದ ಬೆಲೆ 75ಕ್ಕೆ ಇಳಿದು, ಉಳಿಯುವುದು 15 ಮಾತ್ರ. ಮೊದಲು 100 ಅಂಗಿಗಳಿಂದ ಬರುತ್ತಿದ್ದ ಉಳಿಕೆಯನ್ನೇ ಮತ್ತೆ ಕಾಣಬೇಕಾದರೆ ಈಗ ಸುಮಾರು 267 ಅಂಗಿಗಳನ್ನು ಮಾರಬೇಕು. ಬೆಲೆಯನ್ನು ನಾಲ್ಕನೇ ಒಂದು ಭಾಗ ಇಳಿಸಿದ್ದಕ್ಕೆ ಮಾರಾಟ ಎರಡೂವರೆ ಪಟ್ಟಿಗಿಂತ ಹೆಚ್ಚಾಗಬೇಕಾಗುತ್ತದೆ ಎಂಬುದನ್ನು ವಾಣಿಜ್ಯ ಓದಿದವರೂ ಮಳಿಗೆಯಲ್ಲಿ ನಿಂತ ಮೇಲೆಯೇ ಮನಗಾಣುವುದು ಹೆಚ್ಚು. ಇಲ್ಲಿಯಂತೂ ಅಂಗಿಯಲ್ಲಿ ಯಾವ ದೋಷವೂ ಇರಲಿಲ್ಲ. ಯಾರಾದರೂ ಹ್ಯಾಂಗರ್ ಸರಿಸಿ ನೋಡಿ, ಎಣಿಸಿ, ಲೆಕ್ಕವನ್ನು ತಿದ್ದಿ, ಮೀಡಿಯಂ ತರಿಸಿದ್ದರೆ ಇಷ್ಟು ನಷ್ಟವಾಗುತ್ತಿರಲಿಲ್ಲ.

ಇಂಥದ್ದು ಕಣ್ಣಿಗೆ ಬಿದ್ದಾಗ, ಇದು ಏಕೆ ಹೀಗಾಯಿತೆಂದು ಗೋದಾಮಿನವರೆಗೂ ಹೋಗಿ ನೋಡಬೇಕೆಂದು ನಿಮಗೆ ಅನಿಸುತ್ತದೆಯೇ? ಅಥವಾ ಶಿಫ್ಟ್ ಮುಗಿಯುವ ಹೊತ್ತಿಗೆ ಇದೆಲ್ಲ ಯಾರದೋ ತಲೆನೋವು ಎಂದೆನಿಸುತ್ತದೆಯೇ? ಈ ಪ್ರಶ್ನೆಗೆ ನಿಮ್ಮಲ್ಲೇ ಪ್ರಾಮಾಣಿಕ ಉತ್ತರ ಕಂಡುಕೊಳ್ಳಿ. ಎರಡನೆಯ ಉತ್ತರ ಬಂದರೆ ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, ಆದರೆ ಟ್ರೇನಿ ಹುದ್ದೆಯನ್ನು ಒಪ್ಪಿಕೊಳ್ಳುವುದು ಬೇಡ. ಮೊದಲನೆಯದಾದರೆ ನಿಮಗೆ ಈ ವೃತ್ತಿಯ ಮುಖ್ಯ ಗುಣ ಇದೆ, ಅದನ್ನು ಕಚೇರಿಯ ಕುರ್ಚಿಗಾಗಿ ಬಿಟ್ಟುಕೊಡಬೇಕಾಗಿಲ್ಲ.

ಮನೆಯವರ ಬೇಸರವನ್ನು ಹಗುರವಾಗಿ ಕಾಣಬೇಡಿ. ಅವರು ಮಳಿಗೆಯನ್ನು ನೋಡಿರುವುದು ಗಿರಾಕಿಗಳಾಗಿ. ಗಿರಾಕಿಯ ಕಣ್ಣಿಗೆ ಕಾಣುವುದು ನಿಂತಿರುವವರು, ಮಡಚುವವರು, ಬಿಲ್ಲು ಹಾಕುವವರು ಮಾತ್ರ. ಸರಕು ಖರೀದಿಸುವ ಬೈಯರ್, ಒಂದು ವರ್ಗದ ಸರಕಿನ ಲಾಭನಷ್ಟಕ್ಕೆ ಹೊಣೆಯಾದ ಕೆಟಗರಿ ಮ್ಯಾನೇಜರ್, ಹಲವು ಮಳಿಗೆಗಳನ್ನು ನೋಡಿಕೊಳ್ಳುವ ಏರಿಯಾ ಮ್ಯಾನೇಜರ್, ಪೂರೈಕೆಯ ಯೋಜನೆ ಮಾಡುವವರು, ಪ್ರದರ್ಶನದ ವಿನ್ಯಾಸಕರು, ಲೆಕ್ಕ ಹಾಗೂ ಸಿಬ್ಬಂದಿ ವಿಭಾಗದವರು ಅವರಿಗೆ ಎದುರಾಗುವುದೇ ಇಲ್ಲ. ‘ನನ್ನ ಮೇಲೆ ಭರವಸೆಯಿಡಿ’ ಎಂದು ವಾದ ಮಾಡುವುದಕ್ಕಿಂತ ಟ್ರೇನಿಯಾಗಿ ಸೇರಿದವರು ಎರಡು ವರ್ಷದ ನಂತರ ಏನಾಗಿದ್ದಾರೆ ಎಂಬುದನ್ನು ವಿಚಾರಿಸಿ ತಂದು ಅವರ ಮುಂದಿಡಿ. ಅಂಥ ಮಾಹಿತಿ ಸಿಗದಿದ್ದರೆ ಅವರ ಆತಂಕದಲ್ಲಿ ಅರ್ಥವಿದೆಯೆಂದು ನೀವೂ ಒಪ್ಪಬೇಕಾಗುತ್ತದೆ.

ಆನ್‌ಲೈನ್ ವ್ಯಾಪಾರದಿಂದ ಮಳಿಗೆಗಳು ಮುಳುಗಿಹೋಗುತ್ತವೆ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮುಚ್ಚಿಹೋದ ದೊಡ್ಡ ಹೆಸರುಗಳು ಇರುವುದು ನಿಜ. ಬ್ರಿಟನ್ನಿನ ವುಲ್‌ವರ್ತ್ಸ್ ತನ್ನ ಸುಮಾರು 800 ಮಳಿಗೆಗಳ ಪೈಕಿ ಕೊನೆಯವನ್ನು 2009ರ ಜನವರಿಯಲ್ಲಿ ಮುಚ್ಚಿದಾಗ ಸುಮಾರು 27,000 ಜನರ ಕೆಲಸ ಹೋಯಿತು. ಅಮೆರಿಕದಲ್ಲಿ ಟಾಯ್ಸ್ ಆರ್ ಅಸ್ ಆಟಿಕೆ ಮಳಿಗೆಗಳು 2018ರಲ್ಲಿ ಬಾಗಿಲು ಹಾಕಿದವು. ಆದರೆ ಟಾಯ್ಸ್ ಆರ್ ಅಸ್ ಕುಸಿತಕ್ಕೆ ಆನ್‌ಲೈನ್ ಪೈಪೋಟಿಯೊಂದೇ ಕಾರಣವಾಗಿರಲಿಲ್ಲ. 2005ರಲ್ಲಿ ಭಾರಿ ಸಾಲ ಎತ್ತಿ ಆ ಕಂಪನಿಯನ್ನು ಕೊಳ್ಳಲಾಗಿತ್ತು, ಆ ಸಾಲದ ಬಡ್ಡಿ ಕಟ್ಟುವುದರಲ್ಲೇ ಹಣ ಸೋರಿಹೋಗಿ ಮಳಿಗೆಗಳನ್ನು ಸುಧಾರಿಸುವುದಕ್ಕೆ ಕೈ ಕಟ್ಟಿಹಾಕಿದಂತಾಗಿತ್ತು. ನೀವು ಸೇರಲಿರುವ ಕಂಪನಿಯ ವಾರ್ಷಿಕ ವರದಿ ಸಿಗುವುದಾದರೆ ಅದರ ಸಾಲವೆಷ್ಟು, ಸ್ಟಾಕು ವರ್ಷಕ್ಕೆ ಎಷ್ಟು ಸಲ ಮಾರಾಟವಾಗಿ ಹೊಸದಾಗುತ್ತದೆ, ಹಳೆಯ ಮಳಿಗೆಗಳಲ್ಲೇ ಮಾರಾಟ ಏರುತ್ತಿದೆಯೇ ಅಥವಾ ಹೊಸ ಮಳಿಗೆ ತೆರೆಯುವುದರಿಂದ ಮಾತ್ರ ಒಟ್ಟು ಮೊತ್ತ ಏರುತ್ತಿದೆಯೇ ಎಂಬುದನ್ನು ನೋಡಿ. ವಾಣಿಜ್ಯ ಪದವಿ ನಿಮ್ಮ ಕೈಗೆ ಕೊಟ್ಟಿರುವ ಸಾಧನವೇ ಇದು, ಬಳಸಿಕೊಳ್ಳಿ.

ಒಟ್ಟಾರೆ ಉದ್ಯಮದ ಮಟ್ಟಿಗೆ ಹೇಳುವುದಾದರೆ, ಚಿಲ್ಲರೆ ವ್ಯಾಪಾರ ಒಂದೇ ರೂಪದಲ್ಲಿ ನಿಂತ ಕಾಲವೇ ಇಲ್ಲ. 19ನೇ ಶತಮಾನದ ನಡುಭಾಗದಲ್ಲಿ ಪ್ಯಾರಿಸ್ಸಿನ ಬೋನ್ ಮಾರ್ಷೆ ಮಳಿಗೆಯನ್ನು ಬೆಳೆಸಿದ ಅರಿಸ್ಟೀಡ್ ಬೂಸಿಕೋ ನಿಗದಿತ ಬೆಲೆ, ಕೊಳ್ಳದಿದ್ದರೂ ಒಳಗೆ ಬಂದು ನೋಡುವ ಸ್ವಾತಂತ್ರ್ಯ, ಬೇಡವಾದದ್ದನ್ನು ಹಿಂದಿರುಗಿಸುವ ಅವಕಾಶ ಇವುಗಳನ್ನು ದೊಡ್ಡ ಪ್ರಮಾಣದಲ್ಲಿ ಆಚರಣೆಗೆ ತಂದಾಗ ಚೌಕಾಶಿಯನ್ನೇ ನೆಚ್ಚಿದ್ದ ಮಾರಾಟಗಾರನ ಕೆಲಸ ಬದಲಾಯಿತು. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ತೆರೆದ ಪಿಗ್ಲಿ ವಿಗ್ಲಿ ಮಳಿಗೆಯಲ್ಲಿ ಗಿರಾಕಿಗಳೇ ಬುಟ್ಟಿ ಹಿಡಿದು ಸರಕು ಆರಿಸಿಕೊಳ್ಳುವ ಕ್ರಮ ಬಂದು, ಕೌಂಟರಿನ ಹಿಂದಿನಿಂದ ಒಂದೊಂದನ್ನೇ ತೆಗೆದುಕೊಡುತ್ತಿದ್ದವರ ಕೆಲಸ ಬದಲಾಯಿತು. 1974ರ ಜೂನ್ 26ರಂದು ಒಹಾಯೋ ರಾಜ್ಯದ ಟ್ರಾಯ್ ಎಂಬ ಊರಿನ ಸೂಪರ್ ಮಾರ್ಕೆಟ್ಟಿನಲ್ಲಿ ಚೂಯಿಂಗ್ ಗಮ್ ಪೊಟ್ಟಣವೊಂದರ ಬಾರ್‌ಕೋಡ್ ಮೊದಲ ಬಾರಿಗೆ ಸ್ಕ್ಯಾನ್ ಆದ ಮೇಲೆ ಪ್ರತಿಯೊಂದು ವಸ್ತುವಿನ ಮೇಲೂ ಬೆಲೆಚೀಟಿ ಅಂಟಿಸುವ ಕೆಲಸ ಕ್ರಮೇಣ ಮಾಯವಾಗಿ, ಅದರ ಜಾಗದಲ್ಲಿ ಮಾರಾಟದ ಅಂಕಿಗಳನ್ನು ಓದುವ ಕೆಲಸ ಹುಟ್ಟಿತು. 1995ರಲ್ಲಿ ಪುಸ್ತಕ ಮಾರುವ ಜಾಲತಾಣವಾಗಿ ತೆರೆದುಕೊಂಡ ಅಮೆಜಾನ್ ಕೂಡ ಇದೇ ಸಾಲಿನಲ್ಲಿ ಬರುವ ಬದಲಾವಣೆ. ಪ್ರತಿ ಸಲವೂ ಕೈಯಿಂದ ಒಂದೇ ರೀತಿ ಮಾಡುವ ಕೆಲಸಗಳು ಕಡಿಮೆಯಾಗಿವೆ, ಮತ್ತು ಇದು ಇನ್ನೂ ನಡೆಯುತ್ತಿದೆ: ಗಿರಾಕಿಯೇ ಬಿಲ್ಲು ಹಾಕಿಕೊಳ್ಳುವ ಯಂತ್ರಗಳನ್ನು ನೀವೇ ನೋಡಿರುತ್ತೀರಿ. ಬಿಲ್ಲಿಂಗ್ ಕೌಂಟರನ್ನೇ ನಂಬಿ ಹತ್ತು ವರ್ಷದ ಯೋಜನೆ ಹಾಕಿಕೊಳ್ಳಬಾರದು. ಯಾವ ಸರಕನ್ನು ಯಾರಿಗಾಗಿ ಎಷ್ಟು ತರಿಸಬೇಕೆಂದು ಬಲ್ಲವರು ಮಾತ್ರ ಮಳಿಗೆಗೂ ಬೇಕು, ಜಾಲತಾಣಕ್ಕೂ ಬೇಕು. ಜಾಲತಾಣದಲ್ಲಿ ಮಾರಿದ ಅಂಗಿಯೂ ಯಾವುದೋ ಗೋದಾಮಿನ ಯಾವುದೋ ಕಪಾಟಿನಲ್ಲಿ ಇರಲೇಬೇಕಲ್ಲವೇ!

ಈಗ ನಿಮ್ಮ ನಿಜವಾದ ಭಯಕ್ಕೆ ಬರುತ್ತೇನೆ. ಒಂದೇ ಜಾಗದಲ್ಲಿ ಉಳಿದುಹೋಗುವ ಭಯ ಆಧಾರವಿಲ್ಲದ್ದಲ್ಲ, ಮತ್ತು ಇದರ ಬಗ್ಗೆ ನೇಮಕ ಮಾಡಿಕೊಳ್ಳುವವರು ಬಿಡಿಸಿ ಹೇಳುವುದು ಕಡಿಮೆ. ಒಂದು ಮಳಿಗೆಯಲ್ಲಿ 40 ಜನ ಸಿಬ್ಬಂದಿ, 4 ವಿಭಾಗ ಮುಖ್ಯಸ್ಥರು, 1 ಮ್ಯಾನೇಜರ್ ಇದ್ದಾರೆ ಎಂದಿಟ್ಟುಕೊಳ್ಳಿ. ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ, ಮೇಲಿನ ಐವರಲ್ಲಿ ಯಾರಾದರೂ ಜಾಗ ಬಿಟ್ಟರೆ ಅಥವಾ ಕಂಪನಿ ಹೊಸ ಮಳಿಗೆ ತೆರೆದರೆ ಮಾತ್ರ ಬಡ್ತಿಗೆ ಅವಕಾಶ. ಆದ್ದರಿಂದ ‘ಬಡ್ತಿ ಕೊಡುತ್ತೀರಾ’ ಎಂದು ಕೇಳಿದರೆ ‘ಖಂಡಿತ’ ಎಂಬ ಉತ್ತರ ಬರುತ್ತದೆ, ಅದರಿಂದ ಪ್ರಯೋಜನವಿಲ್ಲ. ಮುಂದಿನ ಎರಡು ವರ್ಷದಲ್ಲಿ ಎಷ್ಟು ಮಳಿಗೆಗಳು ತೆರೆಯಲಿವೆ, ಕಳೆದ ವರ್ಷ ವಿಭಾಗ ಮುಖ್ಯಸ್ಥರಾದವರಲ್ಲಿ ಒಳಗಿನಿಂದ ಬಂದವರೆಷ್ಟು, ಹೊರಗಿನಿಂದ ತಂದವರೆಷ್ಟು, ಬೇರೆ ಊರಿಗೆ ವರ್ಗವಾಗಲು ಒಪ್ಪದವರಿಗೆ ಏನಾಗುತ್ತದೆ ಎಂದು ಕೇಳಿ.

ಇದೇ ಸಂದರ್ಭದಲ್ಲಿ ದೊಡ್ಡವರ ಕಥೆಗಳನ್ನು ನಿಮಗೆ ಹೇಳುವವರು ಸಿಗುತ್ತಾರೆ. ವಾಲ್‌ಮಾರ್ಟಿನ ಸ್ಥಾಪಕ ಸ್ಯಾಮ್ ವಾಲ್ಟನ್ 1940ರಲ್ಲಿ ಪದವಿ ಮುಗಿಸಿ ಜೆ.ಸಿ. ಪೆನ್ನಿ ಮಳಿಗೆಯೊಂದರಲ್ಲಿ ನಿಮ್ಮಂತೆಯೇ ಮ್ಯಾನೇಜ್‌ಮೆಂಟ್ ಟ್ರೇನಿಯಾಗಿ ಸೇರಿದವರು. ಅದೇ ವಾಲ್‌ಮಾರ್ಟಿನ ಮುಖ್ಯಸ್ಥರಾಗಿ 2014ರಲ್ಲಿ ಅಧಿಕಾರ ವಹಿಸಿಕೊಂಡ ಡಗ್ ಮ್ಯಾಕ್‌ಮಿಲನ್ 1984ರ ಬೇಸಿಗೆಯಲ್ಲಿ ಗೋದಾಮಿನಲ್ಲಿ ಲಾರಿಗಳಿಂದ ಸರಕು ಇಳಿಸುವ ಕೆಲಸ ಮಾಡಿದ್ದ ಹುಡುಗ. ಈ ಕಥೆಗಳು ನಿಜ, ಆದರೆ ಲಾರಿಯಿಂದ ಸರಕು ಇಳಿಸಿದ ಲಕ್ಷಾಂತರ ಜನರಲ್ಲಿ ಮುಖ್ಯಸ್ಥರಾದವರು ಬೆರಳೆಣಿಕೆಯವರು. ಅವರು ಏರಿದ ಎತ್ತರಕ್ಕಿಂತ ಮೊದಲ ಹೆಜ್ಜೆಗಳನ್ನು ಗಮನಿಸುವುದು ನಿಮಗೆ ಹೆಚ್ಚು ಉಪಯುಕ್ತ. ಮ್ಯಾಕ್‌ಮಿಲನ್ ಮಳಿಗೆಯಲ್ಲಿ ಸಹಾಯಕ ಮ್ಯಾನೇಜರ್ ಆಗಿದ್ದು ಅಲ್ಲಿಂದ ಖರೀದಿ ವಿಭಾಗಕ್ಕೆ ಹೋದರು, ಅಂದರೆ ಸರಕಿನ ತೀರ್ಮಾನಗಳು ಚಿಕ್ಕ ವಯಸ್ಸಿನಲ್ಲೇ ಅವರ ಕೈಗೆ ಬಂದವು. ವಾಲ್ಟನ್ 1945ರಲ್ಲಿ ಸ್ವಂತ ಹೊಣೆಯ ಮೇಲೆ ಸಣ್ಣ ಮಳಿಗೆಯೊಂದನ್ನು ತೆಗೆದುಕೊಂಡು ಚೆನ್ನಾಗಿ ನಡೆಸಿದರೂ, ಬಾಡಿಗೆ ಕರಾರಿನಲ್ಲಿ ನವೀಕರಣದ ಹಕ್ಕು ಇಲ್ಲದ ಕಾರಣ ಐದು ವರ್ಷಕ್ಕೆ ಅದನ್ನು ಬಿಟ್ಟುಕೊಡಬೇಕಾಯಿತು. ಬರೆದು ಸಹಿ ಮಾಡುವ ಕಾಗದವನ್ನು ಕೊನೆಯ ಸಾಲಿನವರೆಗೂ ಓದಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ.

ನಿಮಗೆ ಕೊಡುವ ನೇಮಕ ಪತ್ರವನ್ನೂ ಹಾಗೆಯೇ ಓದಿ. ‘ಟ್ರೇನಿ’ ಎಂಬ ಹೆಸರಿನ ಅಡಿಯಲ್ಲಿ ಎಷ್ಟು ತಿಂಗಳು ಯಾವ ಯಾವ ವಿಭಾಗದಲ್ಲಿ ಏನನ್ನು ಕಲಿಸುತ್ತಾರೆ ಎಂಬುದು ಬರಹದಲ್ಲಿ ಇರಬೇಕು. ಇಲ್ಲದಿದ್ದರೆ ಹೆಸರಿಗೆ ಟ್ರೇನಿ, ಕೆಲಸಕ್ಕೆ ಮಾರಾಟ ಸಿಬ್ಬಂದಿ ಎಂಬಂತಾಗಿ, ಮಳಿಗೆಯಲ್ಲಿ ಜನ ಕಡಿಮೆಯಾದ ಕಡೆಗೆಲ್ಲ ನಿಮ್ಮನ್ನು ನಿಲ್ಲಿಸುವುದೇ ತರಬೇತಿಯಾಗಿಬಿಡುತ್ತದೆ. ಒಂದು ವರ್ಷ ತುಂಬುವ ಮೊದಲು ಸ್ಟಾಕು ಎಣಿಕೆ, ಆರ್ಡರ್ ಹಾಕುವುದು, ಸಿಬ್ಬಂದಿಯ ಪಾಳಿ ಪಟ್ಟಿ ತಯಾರಿಸುವುದು, ದಿನದ ನಗದು ಲೆಕ್ಕ ಮುಗಿಸುವುದು, ಒಂದು ಚಿಕ್ಕ ವಿಭಾಗದ ಮಾರಾಟಕ್ಕೆ ಪೂರ್ತಿ ಹೊಣೆಯಾಗುವುದು ಇವೆಲ್ಲ ನಿಮ್ಮ ಕೈಯಿಂದ ಆಗಬೇಕೆಂಬುದು ನನ್ನ ಅಭಿಪ್ರಾಯ. ಸಂಬಳದಲ್ಲಿ ಖಚಿತ ಭಾಗವೆಷ್ಟು, ಟಾರ್ಗೆಟ್ ಮುಟ್ಟಿದರೆ ಬರುವ ಇನ್ಸೆಂಟಿವ್ ಎಷ್ಟು ಎಂದು ಬೇರ್ಪಡಿಸಿ ಕೇಳಿ. ಮನೆಯ ಖರ್ಚಿನ ಲೆಕ್ಕವನ್ನು ಖಚಿತ ಭಾಗದ ಮೇಲೆ ಮಾತ್ರ ಹಾಕಿ. ಕ್ಯಾಷ್ ಕಡಿಮೆ ಬಂದರೆ ಅಥವಾ ಸರಕು ಕಳವಾದರೆ ಸಂಬಳದಿಂದ ಮುರಿದುಕೊಳ್ಳುತ್ತಾರೆಯೇ, ಇಂತಿಷ್ಟು ವರ್ಷ ಬಿಡಬಾರದೆಂಬ ಬಾಂಡ್ ಇದೆಯೇ, ಪಾಳಿ ಪಟ್ಟಿ ಎಷ್ಟು ದಿನ ಮೊದಲು ಕೈಗೆ ಸಿಗುತ್ತದೆ ಎಂಬುದನ್ನು ಸಹಿ ಹಾಕುವ ಮೊದಲೇ ವಿಚಾರಿಸಿ. ಕೇಳಿದ್ದಕ್ಕೆ ಮ್ಯಾನೇಜರ್ ಮುನಿಸಿಕೊಂಡರೆ ಅದೂ ಒಂದು ಉತ್ತರವೇ.

ವಾರಾಂತ್ಯದ ಕೆಲಸಕ್ಕೂ ಪೂರ್ಣಾವಧಿಯ ಕೆಲಸಕ್ಕೂ ಇರುವ ಅಂತರವನ್ನು ಒಂದು ಸಲವಾದರೂ ಅನುಭವಿಸಿ ನೋಡಿ. ಪರೀಕ್ಷೆ ಮುಗಿದೊಡನೆ ಸಹಿ ಹಾಕುವ ಬದಲು, ವ್ಯಾಪಾರ ಅತಿ ಹೆಚ್ಚಿರುವ ಸೀಸನ್‌ನಲ್ಲಿ ಒಂದೆರಡು ತಿಂಗಳು ಪೂರ್ಣಾವಧಿಗೆ ದುಡಿಯುತ್ತೇನೆ, ಆಮೇಲೆ ನಿರ್ಧಾರ ತಿಳಿಸುತ್ತೇನೆ ಎಂದು ಕೇಳಲು ಅಡ್ಡಿಯಿಲ್ಲ. ಎಲ್ಲರಿಗೂ ರಜೆಯಿರುವ ದಿನವೇ ನಿಮಗೆ ಹೆಚ್ಚು ಕೆಲಸ, ಎಲ್ಲರೂ ಮನೆ ಸೇರುವ ಹೊತ್ತೇ ನಿಮ್ಮ ಮಳಿಗೆಯಲ್ಲಿ ಜನ ತುಂಬುವ ಹೊತ್ತು. ಇದನ್ನು ಓದಿ ತಿಳಿಯುವುದು ಬೇರೆ, ಬದುಕಿ ತಿಳಿಯುವುದು ಬೇರೆ. ಬ್ಯಾಂಕಿನ ಪರೀಕ್ಷೆಗಳಿಗೆ ವಯೋಮಿತಿ ಇರುವುದರಿಂದ, ಆ ದಾರಿಯೂ ತೆರೆದಿರಲಿ ಎನ್ನುವುದಾದರೆ ಈ ಅವಧಿಯಲ್ಲಿ ಅರ್ಜಿ ಹಾಕುವುದನ್ನು ನಿಲ್ಲಿಸಬೇಡಿ. ಸೇರಿದಿರಾದರೆ ಎರಡನೆಯ ವರ್ಷದ ಕೊನೆಗೆ ನಿಮ್ಮ ಸ್ಥಿತಿಯನ್ನು ಒಮ್ಮೆ ಪರಿಶೀಲಿಸಿ. ಆರ್ಡರು, ಬೆಲೆ, ಸಿಬ್ಬಂದಿ ಈ ಮೂರರಲ್ಲಿ ಒಂದರ ತೀರ್ಮಾನವೂ ಅಷ್ಟರೊಳಗೆ ನಿಮ್ಮ ಕೈಗೆ ಬಂದಿರದಿದ್ದರೆ ಅನುಭವದ ಪತ್ರ ಪಡೆದು ಬೇರೆ ಕಂಪನಿಗೆ ಹೊರಡಿ.

ಪ್ರಶ್ನೆ: ನಾನು ಕಲಾ ವಿಭಾಗದಲ್ಲಿ ಇತಿಹಾಸ ಓದಿದವಳು. ಮಳಿಗೆಗಳಿಗೆ ಪ್ರದರ್ಶನ ವಿನ್ಯಾಸ ಮಾಡುವ ಕೆಲಸದಲ್ಲಿ ಆಸಕ್ತಿ ಇದೆ. ಆದರೆ ವಿಚಾರಿಸಿದ ಕಡೆಯಲ್ಲೆಲ್ಲ ಮೊದಲು ಮಾರಾಟ ವಿಭಾಗದಲ್ಲಿ ಸೇರಿ ಎನ್ನುತ್ತಾರೆ. ಒಂದು ವರ್ಷ ಅಲ್ಲಿ ಕಳೆಯುವುದಕ್ಕಿಂತ ನೇರವಾಗಿ ಡಿಪ್ಲೊಮಾ ಮಾಡುವುದು ಒಳ್ಳೆಯದಲ್ಲವೇ? ವಾಣಿಜ್ಯ ಓದದಿರುವುದು ತೊಡಕಾಗುತ್ತದೆಯೇ?

ಉತ್ತರ: ವಾಣಿಜ್ಯ ಓದದಿರುವುದು ತೊಡಕಲ್ಲ. ಲಾಭಾಂಶ, ರಿಯಾಯಿತಿ, ಸ್ಟಾಕು ತಿರುಗುವ ವೇಗ ಇವುಗಳ ಲೆಕ್ಕಕ್ಕೆ ಹೈಸ್ಕೂಲಿನ ಗಣಿತ ಸಾಕು. ಆದರೆ ಅದನ್ನು ಕಲಿಯಲೇಬೇಕು, ಪ್ರದರ್ಶನ ವಿಭಾಗಕ್ಕೆ ಹೋಗುವವರೂ ಕಲಿಯಬೇಕು. ಕಿಟಕಿಯಲ್ಲಿ ಚೆಂದವಾಗಿ ಜೋಡಿಸಿದ ಉಡುಪು ಗೋದಾಮಿನಲ್ಲಿ ನಾಲ್ಕೇ ಉಳಿದಿದ್ದರೆ ಆ ಜೋಡಣೆ ಮಳಿಗೆಗೆ ತೊಂದರೆಯನ್ನೇ ತರುತ್ತದೆ, ಏಕೆಂದರೆ ಅದನ್ನು ನೋಡಿ ಒಳಗೆ ಬಂದ ಐದನೆಯ ಗಿರಾಕಿ ಬರಿಗೈಯಲ್ಲಿ ಹಿಂದಿರುಗುತ್ತಾರೆ.

ಮೊದಲು ಮಾರಾಟ ವಿಭಾಗದಲ್ಲಿ ಸೇರಿ ಎನ್ನುವವರು ನಿಮ್ಮನ್ನು ಕಡೆಗಣಿಸುತ್ತಿದ್ದಾರೆ ಎಂದು ತಿಳಿಯಬೇಡಿ. ಪ್ರದರ್ಶನದ ಕೆಲಸದಲ್ಲಿ ಬಣ್ಣ, ಬೆಳಕುಗಳಷ್ಟೇ ಮುಖ್ಯವಾದದ್ದು ಗಿರಾಕಿಯ ನಡಿಗೆಯನ್ನು ಬಲ್ಲ ಕಣ್ಣು. ಒಳಗೆ ಬಂದವರು ಬಾಗಿಲ ಬಳಿಯ ಮೊದಲ ಕೆಲವು ಹೆಜ್ಜೆಗಳಲ್ಲಿ ಏನನ್ನೂ ಗಮನಿಸದೆ ದಾಟಿಬಿಡುತ್ತಾರೆ, ಕಣ್ಣಿನ ಮಟ್ಟದಲ್ಲಿರುವುದು ಬೇಗ ಹೋಗುತ್ತದೆ, ಮೊಣಕಾಲಿಗಿಂತ ಕೆಳಗಿರುವುದಕ್ಕೆ ಬಗ್ಗುವವರು ಕಡಿಮೆ, ಕನ್ನಡಿ ಇರುವ ಕಡೆ ಜನ ನಿಲ್ಲುತ್ತಾರೆ. ಇವನ್ನು ಪಾಠದಲ್ಲಿ ಹೇಳಿಕೊಡುತ್ತಾರೆ, ಆದರೆ ಒಂದೊಂದು ಮಳಿಗೆಯಲ್ಲಿ ಒಂದೊಂದು ಬಗೆಯಾಗಿ ತಪ್ಪುವುದನ್ನು ನಿಂತು ನೋಡಿದವರಿಗೆ ಡಿಪ್ಲೊಮಾದ ಪಾಠಗಳು ಎರಡರಷ್ಟು ಅರ್ಥವಾಗುತ್ತವೆ. ನನ್ನ ಸಲಹೆಯೆಂದರೆ ಮೊದಲು ಆರು ತಿಂಗಳಾದರೂ ಮಾರಾಟ ವಿಭಾಗದಲ್ಲಿ ಕೆಲಸ ಮಾಡಿ, ವಾರಕ್ಕೊಮ್ಮೆ ರ‍್ಯಾಕುಗಳ ಜೋಡಣೆ ಬದಲಾಗುವಾಗ ಪ್ರದರ್ಶನ ವಿಭಾಗದವರಿಗೆ ನೆರವಾಗುತ್ತೇನೆಂದು ಕೇಳಿಕೊಳ್ಳಿ, ಮಾಡಿದ ಜೋಡಣೆಯ ಫೋಟೊ ತೆಗೆಯಲು ಅನುಮತಿ ಪಡೆದು, ಜೋಡಣೆಗೆ ಮುಂಚಿನ ವಾರದ ಹಾಗೂ ನಂತರದ ವಾರದ ಮಾರಾಟವನ್ನು ಪಕ್ಕದಲ್ಲಿ ಬರೆದಿಡಿ. ಪ್ರದರ್ಶನ ವಿನ್ಯಾಸದ ಹುದ್ದೆಗೆ ಸಂದರ್ಶನ ಮಾಡುವವರಿಗೆ ಇಂಥ ಹತ್ತು ಪುಟಗಳು ಪ್ರಮಾಣಪತ್ರಕ್ಕಿಂತ ಹೆಚ್ಚು ಹೇಳುತ್ತವೆ. ಆಮೇಲೂ ಡಿಪ್ಲೊಮಾ ಬೇಕೆನಿಸಿದರೆ ಶುಲ್ಕ ಕಟ್ಟುವ ಮೊದಲು ಹಿಂದಿನ ತಂಡದ ಇಬ್ಬರನ್ನಾದರೂ ಹುಡುಕಿ ಮಾತನಾಡಿಸಿ, ಅವರು ಈಗ ಯಾವ ಕೆಲಸದಲ್ಲಿದ್ದಾರೆಂದು ತಿಳಿದುಕೊಳ್ಳಿ.

ಇತಿಹಾಸ ಓದಿದ್ದು ವ್ಯರ್ಥವಾಯಿತೆಂಬ ಭಾವನೆ ನಿಮ್ಮ ಪತ್ರದಲ್ಲಿ ಅಲ್ಲಲ್ಲಿ ಇಣುಕುತ್ತದೆ. ಜನ ಏಕೆ ಏನನ್ನು ಬಯಸಿದರು ಎಂದು ದಾಖಲೆಗಳಿಂದ ಊಹಿಸಿ ಬರೆಯುವುದನ್ನು ಮೂರು ವರ್ಷ ಅಭ್ಯಾಸ ಮಾಡಿದವರು ನೀವು. ಮಾರಾಟದ ಅಂಕಿಗಳನ್ನು ಓದುವುದೂ ಹೆಚ್ಚುಕಡಿಮೆ ಅದೇ ಅಭ್ಯಾಸ.

ಪ್ರಶ್ನೆ: ನಮ್ಮ ಮಗಳು ಪದವಿ ಮುಗಿಸಿ ಎಂಟು ತಿಂಗಳಿಂದ ಎಲೆಕ್ಟ್ರಾನಿಕ್ಸ್ ಮಳಿಗೆಯೊಂದರಲ್ಲಿದ್ದಾಳೆ. ಇಡೀ ದಿನ ನಿಂತೇ ಇರಬೇಕು, ಮನೆಗೆ ಬರುವಾಗ ಕಾಲು ಊದಿಕೊಂಡಿರುತ್ತದೆ. ಬಿಡು ಎಂದರೆ ಕೇಳುವುದಿಲ್ಲ, ‘ಮುಂದಿನ ವರ್ಷ ಮೇಲೆ ಹೋಗುತ್ತೇನೆ’ ಎನ್ನುತ್ತಾಳೆ. ತಾಯಿಯಾಗಿ ನಾನು ಏನು ಹೇಳಬೇಕು?

ಉತ್ತರ: ಅಮ್ಮಾ, ಕಾಲು ಊದಿಕೊಳ್ಳುವುದನ್ನು ಕೆಲಸದ ಸಹಜ ಭಾಗವೆಂದು ನೀವೂ ಒಪ್ಪಬೇಡಿ, ಮಗಳೂ ಒಪ್ಪದಿರಲಿ. ಮಳಿಗೆಯ ಸಿಬ್ಬಂದಿಗೆ ಕೂರಲು ಜಾಗ ಬೇಕೆಂಬುದು ಹೊಸ ಬೇಡಿಕೆಯಲ್ಲ. ಬ್ರಿಟನ್ನಿನಲ್ಲಿ 1899ರಷ್ಟು ಹಿಂದೆಯೇ, ಮಳಿಗೆಯಲ್ಲಿ ಕೆಲಸ ಮಾಡುವ ಪ್ರತಿ ಮೂವರು ಹೆಣ್ಣುಮಕ್ಕಳಿಗೆ ಒಂದರಂತೆಯಾದರೂ ಆಸನ ಇಡಬೇಕೆಂದು ಕಾನೂನು ಮಾಡಲಾಗಿತ್ತು. ಗಿರಾಕಿಗಳು ಇಲ್ಲದ ಹೊತ್ತಿನಲ್ಲಿ ಕೂರುವುದಕ್ಕೆ ಮಳಿಗೆಯಲ್ಲಿ ವ್ಯವಸ್ಥೆ ಇದೆಯೇ, ವಿರಾಮವನ್ನು ನಿಜವಾಗಿ ಕೊಡುತ್ತಾರೆಯೇ ಅಥವಾ ಪಟ್ಟಿಯಲ್ಲಿ ಮಾತ್ರ ಇದೆಯೇ ಎಂದು ಮಗಳನ್ನು ಕೇಳಿ. ಇಲ್ಲವೆಂದಾದರೆ ಜೊತೆಗೆಲಸದವರೊಂದಿಗೆ ಸೇರಿ ಮ್ಯಾನೇಜರಿಗೆ ಬರೆದು ಕೊಡಲಿ. ಒಬ್ಬಳೇ ಹೋಗಿ ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಇದಕ್ಕೆ ಬೆಲೆ ಹೆಚ್ಚು. ಮೆತ್ತನೆಯ ಅಟ್ಟೆಯ, ಅಳತೆಗೆ ಸರಿಯಾದ ಪಾದರಕ್ಷೆ ತೊಡಲಿ, ನಿಂತಲ್ಲೇ ನಿಲ್ಲದೆ ನಡುನಡುವೆ ನಾಲ್ಕು ಹೆಜ್ಜೆ ಓಡಾಡಲಿ, ಮನೆಗೆ ಬಂದ ಮೇಲೆ ಕಾಲನ್ನು ಎತ್ತರದಲ್ಲಿಟ್ಟು ಮಲಗಲಿ. ಬೆಳಗ್ಗೆ ಎದ್ದಾಗಲೂ ಊತ ಇಳಿದಿರದಿದ್ದರೆ, ಒಂದೇ ಕಾಲಿನಲ್ಲಿ ಊತವಿದ್ದರೆ ಅಥವಾ ನೋವು ಹೆಚ್ಚುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಕೆಲಸ ಬಿಡುವ ವಿಷಯದಲ್ಲಿ ಒತ್ತಾಯಿಸಬೇಡಿ. ಎಂಟು ತಿಂಗಳು ಅಷ್ಟು ಹೊತ್ತು ನಿಂತೂ ಬಿಡುವುದಿಲ್ಲ ಎನ್ನುವವಳಿಗೆ ಆ ಕೆಲಸದಲ್ಲಿ ಏನೋ ಹಿಡಿಸಿದೆ. ಅದು ಏನೆಂದು ಕೇಳಿ, ಅವಳ ಮಾತನ್ನು ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ‘ಮುಂದಿನ ವರ್ಷ ಮೇಲೆ ಹೋಗುತ್ತೇನೆ’ ಎಂಬ ಮಾತು ಯಾರು ಕೊಟ್ಟ ಭರವಸೆ, ಯಾವ ಹುದ್ದೆ, ಅದಕ್ಕೆ ಅವಳು ಏನನ್ನು ಕಲಿತಿರಬೇಕು, ಈಗ ಆ ಹುದ್ದೆಯಲ್ಲಿರುವವರು ಎಲ್ಲಿಗೆ ಹೋಗುತ್ತಾರೆ ಎಂದು ವಿಚಾರಿಸಿ. ಅವಳಲ್ಲಿ ಉತ್ತರಗಳಿದ್ದರೆ ನೀವು ನಿಶ್ಚಿಂತೆಯಿಂದ ಇರಬಹುದು. ಇಲ್ಲದಿದ್ದರೆ ನಿಮ್ಮ ಪ್ರಶ್ನೆಗಳನ್ನೇ ಅವಳು ಮ್ಯಾನೇಜರ್ ಬಳಿ ಕೇಳಿಕೊಂಡು ಬರಲಿ. ತಿಂಗಳ ಕೊನೆಯ ಟಾರ್ಗೆಟ್ ಗಡಿಬಿಡಿಯಲ್ಲಿ ಕೇಳಿದರೆ ಹಾರಿಕೆಯ ಉತ್ತರವೇ ಸಿಗುವುದು. ತಿಂಗಳ ಮೊದಲ ವಾರದಲ್ಲಿ, ಜನ ಕಡಿಮೆಯಿರುವ ಬೆಳಗಿನ ಹೊತ್ತಿನಲ್ಲಿ ಕೇಳುವುದು ಒಳ್ಳೆಯದು.